ಪಕ್ಕದ ಮನೆಯ ಕಾರಿಗೆ ಒಡೆದ ಕುಂಬಳಕಾಯಿ

ಪೊಲೀಸರು ಕುಂಬಳಕಾಯಿಯನ್ನು ವಶಕ್ಕೆ ತೆಗೆದುಕೊಂಡದ್ದನ್ನು ನೀವು ನೋಡಿರಲಾರಿರಿ. ನಾನು ನೋಡಿದ್ದೇನೆ. ಡೆಟ್ರಾಯಿಟ್ ನಗರದಿಂದ ಪಶ್ಚಿಮಕ್ಕೆ ಇಪ್ಪತ್ತು ಮೈಲಿ ದೂರದ ನಮ್ಮ ಬೀದಿಯಲ್ಲಿ, ಅಕ್ಟೋಬರ್ ತಿಂಗಳ ಒಂದು ಶನಿವಾರ ಬೆಳಿಗ್ಗೆ, ಆರಡಿ ಎತ್ತರದ ಪೊಲೀಸನೊಬ್ಬ ರಬ್ಬರಿನ ಕೈಗವಸು ತೊಟ್ಟು ಒಡೆದ ಕಾಯಿಯ ಹೋಳುಗಳನ್ನು ಒಂದೊಂದಾಗಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದ. ಇನ್ನೊಬ್ಬ ಬಗ್ಗಿ ಫೋಟೋ ತೆಗೆದ. ಕಾಯಿಯೊಳಗಿನ ಕುಂಕುಮದ ನೀರು ಕಾಂಕ್ರೀಟಿನ ಮೇಲೆ ಹರಿದು, ಗೊತ್ತಿಲ್ಲದವರಿಗೆ ಅಲ್ಲೇನೋ ಕೊಲೆಯಾದಂತೆ ಕಾಣುತ್ತಿತ್ತು. ಪಕ್ಕದ ಮನೆಯ ಲಿಲಿಯನ್ ಮೆಟ್ಟಿಲ ಮೇಲೆ ಕುಳಿತು ಅಳುತ್ತಿದ್ದಳು.

ಕಾಯಿ ಒಡೆದವನು ನಾನು. ಹತ್ತು ಅಡಿ ದೂರದಲ್ಲಿ, ತರಕಾರಿ ಚೀಲ ಹಿಡಿದು ನಿಂತಿದ್ದವನೂ ನಾನೇ.

"ಏನಾದರೂ ನೋಡಿದಿರಾ, ಸರ್?" ಎಂದು ಪೊಲೀಸ್ ಕೇಳಿದ.

"ಇಲ್ಲ," ಎಂದೆ.

ಹೆದರಿಕೆಯನ್ನು ನನಗೆ ಅಮೆರಿಕ ಕಲಿಸಲಿಲ್ಲ. ಮೈಸೂರಿನಿಂದ ಬರುವಾಗಲೇ ತಂದಿದ್ದೆ. ವಿಮಾನದವರು ಅದಕ್ಕೆ ತೂಕದ ಮಿತಿ ಹಾಕಲಿಲ್ಲ. ಲಕ್ಷ್ಮೀಪುರಂನ ಮನೆಯಲ್ಲಿದ್ದಾಗಲೂ ಬೀಗ ಹಾಕಿ, ಎಳೆದು ನೋಡಿ, ಬೀದಿಯ ತುದಿಯವರೆಗೆ ಹೋಗಿ, ತಿರುಗಿ ಬಂದು ಮತ್ತೊಮ್ಮೆ ಎಳೆದು ನೋಡುತ್ತಿದ್ದವನು ನಾನು. ಸಾವಿರದ ಒಂಬೈನೂರ ಅರವತ್ತೊಂಬತ್ತರಲ್ಲಿ ಷಿಕಾಗೋಗೆ ಬಂದಾಗ ನನಗೆ ಮೂವತ್ತೇಳು. ಹೊಸ ಊರಿಗೆ ಹೆದರಲು ಅದು ತೀರ ಹಣ್ಣಾದ ವಯಸ್ಸು.

ಅಲ್ಲಿ ಮೊದಲ ಪಾಠ ಬಾಡಿಗೆ ಮನೆಯದು. ಫೋನಿನಲ್ಲಿ "ಖಾಲಿ ಇದೆ, ಬನ್ನಿ" ಎಂದವರು ಬಾಗಿಲಲ್ಲಿ ನನ್ನ ಮುಖ ಕಂಡೊಡನೆ "ಅಯ್ಯೋ, ಈಗ ತಾನೇ ಹೋಯಿತಲ್ಲ" ಎನ್ನುತ್ತಿದ್ದರು. ನಮ್ಮ ಊರಿನಲ್ಲೂ ಮನೆ ಕೊಡುವ ಮುಂಚೆ ಜಾತಿ, ಗೋತ್ರ, ಮಾಂಸ ತಿನ್ನುತ್ತೀರಾ ಎಂದು ಕೇಳುತ್ತಿದ್ದರು. ಆಗ ನಾನು ಕೇಳುವವರ ಕಡೆ ಇರುತ್ತಿದ್ದೆ, ಹೀಗಾಗಿ ಪ್ರಶ್ನೆ ಸಹಜವಾಗಿ ಕಾಣುತ್ತಿತ್ತು. ಇಲ್ಲಿ ಒಂದು ಉಪಾಯ ಕಲಿತೆ. ಬಾಗಿಲು ತೆರೆದೊಡನೆ "ನಾನು ಇಂಡಿಯಾದ ಇಂಜಿನಿಯರು" ಎಂದು ಘೋಷಿಸಿಬಿಡುವುದು. ಅಂದರೆ, ನೀವು ಯಾರನ್ನು ಬೇಡ ಎನ್ನುತ್ತಿದ್ದೀರೋ ಅವನು ನಾನಲ್ಲ, ಅವನು ಬೇರೆ ಯಾರೋ. ಆ ಬೇರೆ ಯಾರೋ ಯಾರು ಎಂದು ಯೋಚಿಸುವ ಗೋಜಿಗೆ ಹೋಗಲಿಲ್ಲ. ಮನೆ ಸಿಕ್ಕಿತು, ಸಾಕಾಗಿತ್ತು.

ಎರಡು ವರ್ಷದ ನಂತರ ಡೆಟ್ರಾಯಿಟ್ ಕಡೆ ಕಾರಿನ ಆಕ್ಸಲ್ ಮಾಡುವ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ, ಸಬ್‌ಡಿವಿಷನ್ ಎಂಬಲ್ಲಿ ಮನೆ ಮಾಡಿದೆವು. ಸಬ್‌ಡಿವಿಷನ್ ಎಂದರೆ ಹೊಲವನ್ನು ಕೊಯ್ದು ಒಂದೇ ಅಚ್ಚಿನ ಮನೆಗಳನ್ನು ಸಾಲಾಗಿ ಇಟ್ಟ ಬಡಾವಣೆ. ನನ್ನನ್ನು ಕಂಗೆಡಿಸಿದ್ದು ಅಲ್ಲಿ ಕಾಂಪೌಂಡು ಗೋಡೆಯೇ ಇಲ್ಲದಿದ್ದದ್ದು. ನಮ್ಮಲ್ಲಿ ಗೋಡೆ, ಗೋಡೆಯ ಮೇಲೆ ಗಾಜಿನ ಚೂರು, ಗೇಟು, ಗೇಟಿಗೆ ಚಿಲಕ, ಕಿಟಕಿಗೆ ಸರಳು. ಇಲ್ಲಿ ಬೀದಿಯಿಂದ ಹುಲ್ಲು, ಹುಲ್ಲಿನಿಂದ ನೇರವಾಗಿ ಸಿನಿಮಾ ಪರದೆಯಷ್ಟು ದೊಡ್ಡ ಗಾಜಿನ ಕಿಟಕಿ. "ಒಂದು ಕಲ್ಲು ಸಾಕು," ಎಂದೆ ಮೊದಲ ದಿನವೇ. ನನ್ನ ಹೆಂಡತಿ ವಿಮಲಾ ಧಾರವಾಡದವಳು. "ಕಲ್ಲ ಎಲ್ಲ್ಯದರೀ ಇಲ್ಲೆ? ಬರೇ ಹುಲ್ಲ ಅದ," ಎಂದಳು. ಆದರೂ ದಪ್ಪ ಪರದೆ ಹಾಕಿಸಿದೆ.

ಪಕ್ಕದ ಮನೆಯವರು ಒಕಾನೊ ದಂಪತಿಗಳು. ಫ್ರಾಂಕ್ ಒಕಾನೊ ಹೈಸ್ಕೂಲಿನಲ್ಲಿ ರೇಖಾಗಣಿತದ ಮೇಷ್ಟ್ರು. ತಂದೆತಾಯಿ ಜಪಾನಿನಿಂದ ಬಂದವರು, ಅವನು ಹುಟ್ಟಿದ್ದು ಕ್ಯಾಲಿಫೋರ್ನಿಯಾದಲ್ಲಿ. ಜಪಾನಿ ಭಾಷೆ ನನ್ನ ಮಗಳಿಗೆ ಕನ್ನಡ ಬರುವಷ್ಟೇ ಬರುತ್ತಿತ್ತು. ಅಂದರೆ ಬೈದರೆ ತಿಳಿಯುತ್ತಿತ್ತು, ಉತ್ತರ ಇಂಗ್ಲಿಷಿನಲ್ಲಿ ಬರುತ್ತಿತ್ತು. ಆ ಮನೆಯಲ್ಲಿ ಮೊದಲ ಹಿಮ ಬಿದ್ದ ಬೆಳಿಗ್ಗೆ, ಗರಾಜಿನಿಂದ ಬೀದಿಗೆ ಹೋಗುವ ಕಾಂಕ್ರೀಟಿನ ದಾರಿಯಲ್ಲಿ, ಇವರು ಡ್ರೈವ್‌ವೇ ಎನ್ನುವಲ್ಲಿ, ನಾನು ಮೊರ ಹಿಡಿದವನಂತೆ ಸಲಿಕೆ ಹಿಡಿದು ನಿಂತಿದ್ದಾಗ ಅವನೇ ಬಂದು ಮಂಡಿ ಬಗ್ಗಿಸಿ ಎತ್ತುವುದನ್ನು ಕಲಿಸಿದ. ವಿಮಲಾ ಕೋಡುಬಳೆ ಕಳಿಸಿದಳು. ಲಿಲಿಯನ್ ಖಾಲಿ ಡಬ್ಬ ಕಳಿಸದೆ ಅದರಲ್ಲಿ ಸೇಬು ತುಂಬಿ ಕಳಿಸಿದಳು. ಖಾಲಿ ಡಬ್ಬ ಹಿಂತಿರುಗಿಸದವರು ನಮ್ಮವರೇ ಎಂದು ವಿಮಲಾ ಅಂದೇ ತೀರ್ಮಾನಿಸಿಬಿಟ್ಟಳು.

ಆಮೇಲೆ ಎಣ್ಣೆಯ ಬೆಲೆ ಏರಿತು. ದೊಡ್ಡ ಕಾರುಗಳು ಅಂಗಡಿಗಳಲ್ಲೇ ನಿಂತವು, ಪುಟ್ಟ ಜಪಾನಿ ಕಾರುಗಳು ಓಡತೊಡಗಿದವು. ಲೇಆಫ್ ಶುರುವಾಯಿತು. ಊರಿನಲ್ಲಾದರೆ ಕೆಲಸದಿಂದ ತೆಗೆದರೆ ಬಾವುಟ, ಧಿಕ್ಕಾರ, ಗೇಟಿನ ಮುಂದೆ ಭಾಷಣ. ಇಲ್ಲಿ ಒಂದು ಕವರು ಕೊಡುತ್ತಾರೆ, ಮನುಷ್ಯ ತನ್ನ ಊಟದ ಡಬ್ಬಿ ಹಿಡಿದು ಸದ್ದಿಲ್ಲದೆ ಹೋಗುತ್ತಾನೆ. ಆ ಸದ್ದು ಆಮೇಲೆ ಬೇರೆಲ್ಲೋ ಕೇಳಿಸುತ್ತದೆ. ಕ್ಯಾಂಟೀನಿನಲ್ಲಿ ಜಪಾನಿನವರ ಬಗ್ಗೆ ಆಡುತ್ತಿದ್ದ ಮಾತುಗಳನ್ನು ನಾನು ಇಲ್ಲಿ ಬರೆಯಲಾರೆ. ಮಾತಿನ ನಡುವೆ ಯಾರಾದರೂ ನನ್ನತ್ತ ತಿರುಗಿ "ನಿನಗೆ ಹೇಳಿದ್ದಲ್ಲ" ಎನ್ನುತ್ತಿದ್ದರು. ನಾನು ನಗುತ್ತಿದ್ದೆ.

ಹಾಗೆ ಕವರು ಪಡೆದವರಲ್ಲಿ ಡೇಲ್ ಒಬ್ಬ. ಹದಿನೆಂಟು ವರ್ಷ ದುಡಿದವನು. ನನ್ನ ಮೂರ್ತಿ ಎಂಬ ಹೆಸರು ಅವನ ನಾಲಿಗೆಗೆ ಒಗ್ಗದೆ ಮರ್ಫಿ ಎನ್ನುತ್ತಿದ್ದ. ಕಾರ್ಖಾನೆ ಸೇರಿದ ಎರಡನೆಯ ಚಳಿಗಾಲದಲ್ಲಿ ನನ್ನ ಕಾರು ಜಾರಿ ಹಳ್ಳಕ್ಕೆ ಬಿದ್ದಾಗ ತನ್ನ ಟ್ರಕ್ಕಿಗೆ ಸರಪಳಿ ಕಟ್ಟಿ ಎಳೆದವನು ಅವನು. ಇದನ್ನು ಮೊದಲೇ ಹೇಳಿಬಿಡುವುದು ನ್ಯಾಯ.

ಸೆಪ್ಟೆಂಬರ್ ಕೊನೆಯ ಭಾನುವಾರ, ಮಧ್ಯಾಹ್ನ ಮೂರು ಗಂಟೆ. ಬೀದಿಯವರೆಲ್ಲ ಟಿವಿಯ ಮುಂದೆ ಫುಟ್‌ಬಾಲ್ ನೋಡುತ್ತಿದ್ದರು. ಹೊರಗೆ ಗಾಜು ಒಡೆದ ಸದ್ದು. ನಮ್ಮ ಕಿಟಕಿಯೇ ಎಂದುಕೊಂಡು ನೆಲಕ್ಕೆ ಕುಳಿತೆ. ನಮ್ಮದಲ್ಲ ಎಂದು ಖಚಿತವಾದ ಮೇಲೆ ಪರದೆಯ ಸಂದಿಯಿಂದ ನೋಡಿದೆ. ಇಬ್ಬರು ಗಂಡಸರು ಬೇಸ್‌ಬಾಲ್ ಬ್ಯಾಟು ಹಿಡಿದು ಫ್ರಾಂಕನ ಕಾರನ್ನು ಬಡಿಯುತ್ತಿದ್ದರು. ಮುಂದಿನ ಗಾಜು, ದೀಪ, ಬಾಗಿಲು. ಒಬ್ಬ ಗರಾಜಿನ ಬಾಗಿಲ ಮೇಲೆ ಬಣ್ಣದ ಡಬ್ಬಿಯಿಂದ "ಮನೆಗೆ ಹೋಗು" ಎಂದು ಬರೆದ, ಜೊತೆಗೆ ಜಪಾನಿನವರನ್ನು ಹೀಯಾಳಿಸುವ ಇಂಗ್ಲಿಷಿನ ಆ ಮೂರಕ್ಷರದ ಪದ. ಕಾರು ಡೆಟ್ರಾಯಿಟ್‌ನದೇ, ನಮ್ಮ ಕಾರ್ಖಾನೆಯ ಆಕ್ಸಲ್ ಹಾಕಿದ್ದು. ಬಹುಶಃ ಬ್ಯಾಟು ಹಿಡಿದ ಕೈಯೇ ಅದನ್ನು ಜೋಡಿಸಿದ್ದಿರಬೇಕು. ಯಾಕೆಂದರೆ ಬ್ಯಾಟು ಹಿಡಿದವರಲ್ಲಿ ಒಬ್ಬ ಡೇಲ್.

ಹೊರಡುವ ಮುಂಚೆ ಅವನು ತಲೆ ಎತ್ತಿ ನಮ್ಮ ಕಿಟಕಿ ನೋಡಿದ. ಪರದೆ ಬಿಡುವುದೂ ನನಗೆ ತೋಚಲಿಲ್ಲ. ಅವನು ಒಂದು ಕೈ ಎತ್ತಿದ, ಬೆಳಿಗ್ಗೆ ಕಾರ್ಖಾನೆಯ ಗೇಟಿನಲ್ಲಿ ಎತ್ತುತ್ತಿದ್ದ ಹಾಗೆಯೇ. ಆಮೇಲೆ ಟ್ರಕ್ಕು ಹತ್ತಿ ಹೋದ.

ಸಂಜೆ ಪೊಲೀಸರು ಮನೆಮನೆಗೂ ಬಂದರು. ನಾನು ನಿದ್ದೆ ಮಾಡುತ್ತಿದ್ದೆ ಎಂದೆ. ಅದು ನನ್ನ ಮೊದಲ "ಇಲ್ಲ".

ಅಲ್ಲಿಂದ ಮುಂದೆ ಎರಡು ವಾರ ನಾನು ಹೇಗಿದ್ದೆ ಎಂದು ಕೇಳಬೇಡಿ. ಬಾಗಿಲ ಚಿಲಕಕ್ಕೆ ಇನ್ನೊಂದು ಚಿಲಕ ಹಾಕಿಸಿದೆ. ಮಗಳು ಮಾಲಾಳನ್ನು ಶಾಲೆಯ ಬಸ್ಸಿಗೆ ಬಿಡದೆ ನಾನೇ ಕರೆದೊಯ್ಯತೊಡಗಿದೆ. ಟ್ರಕ್ಕಿನ ಸದ್ದು ಕೇಳಿದರೆ ನಡುಮನೆಯ ದೀಪ ಆರಿಸುತ್ತಿದ್ದೆ. ಫ್ರಾಂಕ್ ಹುಲ್ಲಿಗೆ ನೀರು ಬಿಡಲು ಬಂದರೆ ನಾನು ಹಿಂದಿನ ಬಾಗಿಲಿಂದ ಒಳಗೆ ಸರಿಯುತ್ತಿದ್ದೆ.

ಇಂಥ ಹೊತ್ತಿನಲ್ಲಿ ಆಯುಧಪೂಜೆ ಬಂತು. ಇಲ್ಲಿ ದೇವಸ್ಥಾನವಿಲ್ಲ, ಪುರೋಹಿತರಿಲ್ಲ. ಕಾರು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಚಕ್ರದಡಿ ನಿಂಬೆಹಣ್ಣಿಟ್ಟು, ಪಂಚಾಂಗದಲ್ಲಿ ಏನೇ ಇರಲಿ ಹತ್ತಿರದ ಶನಿವಾರ ಮುಗಿಸುತ್ತೇವೆ. ಬೂದುಗುಂಬಳ ಸಿಗುವುದಿಲ್ಲ. ಆದರೆ ಅಕ್ಟೋಬರಿನಲ್ಲಿ ಈ ದೇಶದ ತುಂಬ ಕಿತ್ತಳೆ ಬಣ್ಣದ ಕುಂಬಳ. ನೋವೈ ಕಡೆಯ ಹೊಲದಿಂದ ಎರಡು ತಂದೆ. ಒಂದು ದೃಷ್ಟಿಗೆ, ಒಂದು ಹುಳಿಗೆ.

ನಮ್ಮ ಕಾರಿನ ಪೂಜೆ ಮುಗಿದ ಮೇಲೆ ವಿಮಲಾ ಹುಳಿಯ ಕಾಯಿಯನ್ನು ಎತ್ತಿಕೊಂಡು ಬಂದಳು. ತಲೆಯಲ್ಲಿ ತೂತು ಕೊರೆದು, ಕುಂಕುಮ ಕಲಸಿದ ನೀರು ಸುರಿದು ಸಿದ್ಧ ಮಾಡಿದ್ದಳು.

"ಅವರ ಗಾಡಿಗೂ ಒಂದ ಕಾಯಿ ಒಡೀರಿ. ಹೊಸಾ ಗಾಜ ಹಾಕಿಸ್ಯಾರ. ಯಾರ ಕಣ್ಣ ಬಿದ್ದದೋ ಏನೋ."

ಯಾರ ಕಣ್ಣು ಎಂದು ನನಗೆ ಗೊತ್ತಿತ್ತು, ಅವಳಿಗೆ ಹೇಳಿರಲಿಲ್ಲ. ಒಕಾನೊ ದಂಪತಿಗಳು ಅಂಗಡಿಗೆ ನಡೆದು ಹೋಗಿದ್ದರು, ಕಾರು ಡ್ರೈವ್‌ವೇಯಲ್ಲಿ ನಿಂತಿತ್ತು. ಎರಡು ವಾರದಿಂದ ಅವರಿಗೆ ಮಾಡಬೇಕಾದದ್ದನ್ನು ಮಾಡದವನಿಗೆ ಇದಾದರೂ ಆಗಲಿ ಎನ್ನಿಸಿತು. ನಿಜವಾದ ಶ್ರದ್ಧೆಯಿಂದ, ಮೂರು ಸುತ್ತು ಇಳಿ ತೆಗೆದು, ಕಾರಿನ ಹಿಂದೆ ಕುಕ್ಕಿದೆ. ಚೆನ್ನಾಗಿ ಒಡೆಯಿತು. ಅವರು ಬಂದ ಮೇಲೆ ಹೇಳಿ ಗುಡಿಸಿದರಾಯಿತು ಎಂದು ವಿಮಲಾ ಸ್ನಾನಕ್ಕೆ ಹೋದಳು. ನಾನು ಹುಳಿಗೆ ಬೇರೆ ತರಕಾರಿ ತರಲು ಹೋದೆ. ಬರುವಷ್ಟರಲ್ಲಿ ಪೊಲೀಸರ ಕಾರು ನಿಂತಿತ್ತು.

ನಮ್ಮ ಊರಿನಲ್ಲಿ ಯಾರ ಮನೆಯ ಮುಂದೆ ಕೆಂಪು ಮೆತ್ತಿದ ಕುಂಬಳಕಾಯಿ ಬಿದ್ದಿದ್ದರೂ ಅದನ್ನು ದಾಟದೆ ಸುತ್ತಿ ಹೋಗುತ್ತೇವೆ, ಅಷ್ಟೆ. ಎರಡು ವಾರದ ಹಿಂದೆ ಬ್ಯಾಟು ಕಂಡ ಮನೆಯವರಿಗೆ ಅದು ಹೇಗೆ ಕಾಣುತ್ತದೆ ಎಂದು, ಜೀವಮಾನವೆಲ್ಲ ಹೆದರುವುದನ್ನೇ ಅಭ್ಯಾಸ ಮಾಡಿದ ನನಗೆ ಹೊಳೆಯಲೇ ಇಲ್ಲ. ಎಲ್ಲ ಹೆದರಿಕೆಯನ್ನೂ ನನ್ನೊಬ್ಬನಿಗೇ ಖರ್ಚು ಮಾಡಿಕೊಂಡಿದ್ದೆ.

ಆವತ್ತಾದರೂ "ಅದು ನನ್ನದು" ಎನ್ನಬಹುದಿತ್ತು. ಆದರೆ ಬಾಯಿ ಬಿಟ್ಟರೆ ಮುಂದಿನ ಪ್ರಶ್ನೆ ಆ ಭಾನುವಾರದ್ದೇ ಬರುತ್ತದೆ ಎಂದು ಲೆಕ್ಕ ಹಾಕಿದೆ. ಪೊಲೀಸರು ಹೋದರು. ಲಿಲಿಯನ್ ಬಕೆಟ್ಟು ತಂದು ಮಂಡಿಯೂರಿ ಕುಂಕುಮದ ಕಲೆ ಉಜ್ಜಿದಳು. ಅದು ಹೋಗಲಿಲ್ಲ. ಸ್ನಾನ ಮುಗಿಸಿ ಬಂದ ವಿಮಲಾ ಕೇಳಿದಾಗ, ಅವರಿಗೆ ಹೇಳಿಯಾಯಿತು ಎಂದೆ. ಸಂಜೆ ಅವರ ಹುಲ್ಲಿನ ಮೇಲೆ ಮನೆ ಮಾರಾಟಕ್ಕಿದೆ ಎಂಬ ಬೋರ್ಡು ಎದ್ದಿತು. ಮರುದಿನ, ಭಾನುವಾರ ಸಂಜೆಯೇ ಷಿಕಾಗೋದಲ್ಲಿರುವ ಫ್ರಾಂಕನ ಅಕ್ಕನ ಮನೆಗೆ ಹೋಗುವುದೆಂದು ಬೀದಿಯವರು ಹೇಳಿದರು.

ನಾನು ಷಿಕಾಗೋ ಪಕ್ಕದ ಸ್ಕೋಕಿಯಲ್ಲಿರುವ ಗೆಳೆಯ ಗುಂಡಣ್ಣನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಅವನು ಡಾಕ್ಟರು, ನನಗಿಂತ ಎರಡು ವರ್ಷ ಮೊದಲು ಬಂದವನು. ಮೊದಲು ಐದು ನಿಮಿಷ ನಕ್ಕ.

"ಲೋ, ದೃಷ್ಟಿ ತೆಗೆಯೋಕೆ ಹೋಗಿ ದೃಷ್ಟಿ ಹಾಕಿದ್ಯಲ್ಲೋ!"

"ನಗಬೇಡ ಮಾರಾಯ. ಏನು ಮಾಡ್ಲಿ ಹೇಳು."

"ಏನೂ ಮಾಡಬೇಡ. ಅದು ಜಪಾನಿಯವರ ತಾಪತ್ರಯ. ನಾವು ಇಂಡಿಯನ್ಸ್. ಫೆಬ್ರವರಿಗೆ ಬೆಂಗಳೂರಲ್ಲಿ ಕೆಲಸಕ್ಕೆ ಸೇರ್ಕೋತೀಯ, ಆರ್ಡರ್ ಕೈಲಿದೆ. ನಾಲ್ಕು ತಿಂಗಳು ಬಾಯಿ ಮುಚ್ಕೊಂಡಿರಕ್ಕೆ ಏನು ಕಷ್ಟ? ಕೋರ್ಟು ಗೀರ್ಟು ಅಂತ ಸಿಕ್ಕಿ ಹಾಕ್ಕೊಂಡ್ಯೋ, ಆ ಕೆಲಸ ನಿನಗೋಸ್ಕರ ಕಾಯಲ್ಲ."

ಅದು ನಿಜ. ಬೆಂಗಳೂರಿನ ಯಂತ್ರದ ಕಾರ್ಖಾನೆಯೊಂದರಿಂದ ನೇಮಕದ ಪತ್ರ ಬಂದಿತ್ತು. ಇಲ್ಲಿಗೆ ಬಂದ ದಿನದಿಂದ ನಾವು ಕಾದದ್ದು ಅದಕ್ಕೇ. ಸುಮ್ಮನಿದ್ದರೆ ಸಾಕು, ಇದೆಲ್ಲವೂ ಹಿಂದೆ ಬೀಳುತ್ತಿತ್ತು. ಫೋನಿಟ್ಟಾಗ ವಿಮಲಾ ಹಿಂದೆಯೇ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಏನೂ ಅನ್ನಲಿಲ್ಲ. ಧಾರವಾಡದವಳು ಏನೂ ಅನ್ನದಿದ್ದರೆ ಎಷ್ಟು ಭಯವಾಗುತ್ತದೆ ಎಂದು ಮದುವೆಯಾದವನಿಗೇ ಗೊತ್ತು.

ಭಾನುವಾರ ಬೆಳಿಗ್ಗೆ ಅವಳೇ ನನ್ನನ್ನು ಪಕ್ಕದ ಮನೆಗೆ ಕರೆದುಕೊಂಡು ಹೋದಳು. ನಡುಮನೆಯಲ್ಲಿ ರಟ್ಟಿನ ಪೆಟ್ಟಿಗೆಗಳು. ನಾನು ಕುಂಬಳಕಾಯಿಯ ಕತೆ ಹೇಳಿದೆ. ದೃಷ್ಟಿ, ಇಳಿ ತೆಗೆಯುವುದು, ಕುಂಕುಮ, ಇವನ್ನೆಲ್ಲ ಇಂಗ್ಲಿಷಿನಲ್ಲಿ ಹೇಳುವಾಗ ನಾನೇ ಯಾವುದೋ ಕಾಡಿನಿಂದ ಬಂದವನೇನೋ ಎನ್ನಿಸುತ್ತಿತ್ತು. ಫ್ರಾಂಕ್ ನನ್ನ ಮುಖವನ್ನೇ ನೋಡಿದ. ಆಮೇಲೆ ಪೆಟ್ಟಿಗೆಯ ಮೇಲೆ ಕುಳಿತು ಕಣ್ಣಲ್ಲಿ ನೀರು ಬರುವಂತೆ ನಕ್ಕ.

"ಆಶೀರ್ವಾದವಾ? ನಾನು ಅದನ್ನು ರಕ್ತ ಅಂದುಕೊಂಡೆ, ಮೂರ್ತಿ!"

ಲಿಲಿಯನ್ ನಗಲಿಲ್ಲ.

"ನಾನು ಉಜ್ಜುತ್ತಿದ್ದೆ," ಎಂದಳು. "ನೀವು ತರಕಾರಿ ಹಿಡಿದುಕೊಂಡು ನೋಡುತ್ತಾ ನಿಂತಿದ್ರಿ." ಪೆಟ್ಟಿಗೆಯ ಮುಚ್ಚಳ ಮಡಚಿ, "ಮತ್ತೆ ಆ ಭಾನುವಾರ? ಆವತ್ತು ನಾನು ಅಡುಗೆಮನೆಯ ನೆಲದ ಮೇಲೆ ಮಲಗಿದ್ದೆ. ಅಲ್ಲಿಂದ ನನಗೆ ಕಾಣುತ್ತಿದ್ದದ್ದು ನಿಮ್ಮ ಕಿಟಕಿ ಒಂದೇ. ಪರದೆ ಅಲುಗಾಡಿತು. ಅಬ್ಬ, ಯಾರೋ ನೋಡುತ್ತಿದ್ದಾರೆ, ಯಾರಾದರೂ ಹೇಳುತ್ತಾರೆ ಅಂದುಕೊಂಡೆ."

"ನೋಡಿದೆ," ಎಂದೆ. "ಒಬ್ಬನ ಹೆಸರೂ ಗೊತ್ತು."

ಫ್ರಾಂಕನ ನಗು ನಿಂತಿತು. ಅಂಟಿನ ಟೇಪನ್ನು ಬೆರಳಿಗೆ ಸುತ್ತಿದ.

"ನಾನು ಕೇಳುವುದಿಲ್ಲ," ಎಂದ. "ನನಗೆ ಹತ್ತು ವರ್ಷವಾಗಿದ್ದಾಗ, ಜಪಾನಿನ ಜೊತೆ ಯುದ್ಧದ ಕಾಲದಲ್ಲಿ, ಜಪಾನಿ ಮೂಲದವರೆಂದು ನಮಗೆ ಒಂದು ವಾರ ಗಡುವು ಕೊಟ್ಟು, ಕೈಲಿ ಹಿಡಿಯುವಷ್ಟು ಸಾಮಾನು ತರಿಸಿ, ತಂತಿಬೇಲಿಯ ಕ್ಯಾಂಪಿಗೆ ಹಾಕಿದರು. ಪಕ್ಕದ ಮನೆಯವರು ಒಳ್ಳೆಯ ಜನ. ನಾವು ಬಸ್ಸು ಹತ್ತುವಾಗ ಪರದೆಯ ಹಿಂದೆ ನಿಂತಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ನಾಯಿಯನ್ನು ಅವರೇ ಸಾಕಿದರು."

ಮನೆಗೆ ಬಂದು ಕುರ್ಚಿಯಲ್ಲಿ ಕುಳಿತೆ. ವಿಮಲಾಳ ಮುಂದೆ ಪಟ್ಟಿ ಓದಿದೆ. ಡೇಲ್‌ಗೆ ನಮ್ಮ ಮನೆ ಗೊತ್ತು, ಮಾಲಾಳ ಶಾಲೆ ಗೊತ್ತು. ಕಾರ್ಖಾನೆಯಲ್ಲಿ ಅವನ ಗೆಳೆಯರು ನೂರು ಜನ. ಅವನು ಕೆಟ್ಟವನಲ್ಲ, ನನ್ನನ್ನು ಹಳ್ಳದಿಂದ ಎಳೆದವನು. "ಮೇಲಾಗಿ ನನಗೆ ಕೈ ಎತ್ತಿ ಹೋದ," ಎಂದೆ. "ಅದರರ್ಥ ನಿನಗೆ ಗೊತ್ತಾಗಲ್ಲ. ಹೇಳಿದರೆ ನೋಡ್ಕೋತೀನಿ ಅಂತ."

"ಅಲ್ರೀ," ಎಂದಳು ವಿಮಲಾ. "ಅವಾ ಹೆದರಸಲಿಕ್ಕೆ ಕೈ ಎತ್ತಿಲ್ಲ. ನೀವು ಹೇಳೂದಿಲ್ಲ ಅಂತ ಅವಗ ಖಾತ್ರಿ ಇತ್ತು. ಅದಕ್ಕ ದೋಸ್ತನ ಹಂಗ ಕೈ ಎತ್ತ್ಯಾನ."

ಮದುವೆಯಾದ ಹದಿನೈದು ವರ್ಷದಲ್ಲಿ ಅವಳು ನನ್ನನ್ನು ಬೈದದ್ದಕ್ಕೆ ಲೆಕ್ಕವಿಲ್ಲ. ಯಾವುದೂ ಇಷ್ಟು ಆಳಕ್ಕೆ ಇಳಿದಿರಲಿಲ್ಲ. ಡೇಲ್ ನನ್ನನ್ನು ತನ್ನ ಕಡೆಯವನೆಂದು ಎಣಿಸಿದ್ದ. "ನಿನಗೆ ಹೇಳಿದ್ದಲ್ಲ" ಎಂದು ಕ್ಯಾಂಟೀನಿನಲ್ಲಿ ಅವರು ಕೊಟ್ಟ ವಿನಾಯಿತಿಯನ್ನು ನಾನು ನಗುತ್ತಾ ತೆಗೆದುಕೊಂಡಿದ್ದೆನಲ್ಲ, ಅದಕ್ಕೆ ಪ್ರತಿಯಾಗಿ ನಾನು ಕೊಡಬೇಕಾದ ಮೌನವನ್ನು ಅವನು ಅಷ್ಟು ದೂರದಿಂದಲೇ ಗುರುತಿಸಿದ್ದ.

"ಕಾರಿನ ಕೀಲಿ ಎಲ್ಲಿ?" ಎಂದೆ.

"ನಿಮ್ಮ ಕೈಯಾಗ ಅದ," ಎಂದಳು.

ಪೊಲೀಸ್ ಠಾಣೆಯಲ್ಲಿ ಒಂದೂವರೆ ಗಂಟೆ. ಬ್ಯಾಟಿನ ಭಾನುವಾರದ್ದು ಹೇಳಿ, ಹೆಸರು ಹೇಳಿ, ಸುಳ್ಳು ಹೇಳಿದ್ದಕ್ಕೆ ಕ್ಷಮೆ ಕೇಳಿ, ಕೊನೆಗೆ ಕುಂಬಳಕಾಯಿಗೆ ಬಂದೆ. ಕೈಗವಸಿನ ಪೊಲೀಸನೇ ಬರೆದುಕೊಳ್ಳುತ್ತಿದ್ದ. ಪೆನ್ನು ನಿಲ್ಲಿಸಿ, "ಅಂದರೆ ಅದು ಪೂಜೆಯ ತರಕಾರಿ?" ಎಂದ. ಹೌದು ಎಂದೆ. ಹಾಗೆಯೇ ಬರೆದುಕೊಂಡ. ಪ್ರಯೋಗಾಲಯಕ್ಕೆ ಕಳಿಸಿಬಿಟ್ಟಿದ್ದೇವಲ್ಲ ಎಂದು ಬೇಸರಪಟ್ಟುಕೊಂಡ.

ಡೇಲ್‌ನನ್ನೂ ಅವನ ಜೊತೆಗಾರನನ್ನೂ ಹಿಡಿದರು. ಒಕಾನೊ ದಂಪತಿಗಳು ಷಿಕಾಗೋಗೆ ಹೋಗಿ, ಒಂದು ವಾರದ ಮೇಲೆ ತಿರುಗಿ ಬಂದರು. "ಕೇಸು ಮುಗಿಯುವವರೆಗೆ," ಎಂದ ಫ್ರಾಂಕ್. ಬೋರ್ಡು ಇನ್ನೂ ಅಲ್ಲೇ ಇದೆ. ಲಿಲಿಯನ್ ನಮ್ಮನ್ನು ಮಾತಾಡಿಸುತ್ತಾಳೆ, ಒಳಗೆ ಕರೆಯುವುದಿಲ್ಲ. ಅದನ್ನು ತಪ್ಪೆನ್ನಲಾರೆ.

ಭಯ ಕಡಿಮೆಯಾಗಿದೆ ಎಂದು ನೀವು ಎಣಿಸಬಹುದು. ಆಗಿಲ್ಲ. ಕ್ಯಾಂಟೀನಿನಲ್ಲಿ ನಾನು ಕುಳಿತ ಮೇಜು ಖಾಲಿಯಾಗುತ್ತದೆ. ಫೋನು ಬರುತ್ತದೆ, ಎತ್ತಿದರೆ ಉಸಿರು ಮಾತ್ರ ಕೇಳಿಸುತ್ತದೆ. ಒಂದು ಬೆಳಿಗ್ಗೆ ಕಾರಿನ ನಾಲ್ಕೂ ಗಾಲಿಗಳ ಗಾಳಿ ಹೋಗಿತ್ತು. ಅಂಚೆಪೆಟ್ಟಿಗೆಯ ಮೇಲೆ ಫ್ರಾಂಕನ ಗರಾಜಿನ ಮೇಲಿದ್ದ ಅದೇ ಮೂರಕ್ಷರ. ಇಂಡಿಯಾದ ಇಂಜಿನಿಯರನನ್ನು ಜಪಾನಿಯವನೆಂದು ಕರೆದವನ ಭೂಗೋಳಜ್ಞಾನಕ್ಕೆ ನಗು ಬರಲಿಲ್ಲ. ಅಳಿಸಲು ಹೋದಾಗ ಫ್ರಾಂಕ್ ತನ್ನ ಮನೆಯಿಂದ ಉಳಿದ ಬಣ್ಣ ತಂದ. ಇಬ್ಬರೂ ಸೇರಿ ಬಳಿದೆವು. ಪೂರ್ವಭಾವಿ ವಿಚಾರಣೆಯ ದಿನ ಗುಂಡಣ್ಣ, ಬರುವುದಿಲ್ಲ ಎಂದಿದ್ದವನು, ಮುನ್ನೂರು ಮೈಲಿ ಡ್ರೈವ್ ಮಾಡಿಕೊಂಡು ಬಂದು, ಒಕಾನೊ ದಂಪತಿಗಳ ಹಿಂದಿನ ಬೆಂಚಿನಲ್ಲಿ ಕುಳಿತ. "ಸುಮ್ನೆ ಬಂದೆ ಕಣೋ, ಪೇಷಂಟ್ ಇರಲಿಲ್ಲ," ಎಂದ. ಡೇಲ್ ನನ್ನತ್ತ ಒಮ್ಮೆ ನೋಡಿದ. ಈ ಸಲ ಕೈ ಎತ್ತಲಿಲ್ಲ. ಅವನ ಹೆಂಡತಿ ಮೂಲೆಯಲ್ಲಿ ಕರ್ಚೀಫು ಹಿಸುಕುತ್ತಿದ್ದಳು. ಅವಳನ್ನು ನೋಡಲು ನನಗಾಗಲಿಲ್ಲ.

ಅಲ್ಲಿಂದ ಸರ್ಕಾರಿ ವಕೀಲರ ಕೋಣೆಗೆ ಕರೆದರು. ಕಿರಿಯ ವಯಸ್ಸಿನ ಹೆಂಗಸು, ಎದುರಿಗೆ ಕಾಗದ.

"ನಿಜವಾದ ವಿಚಾರಣೆ ಏಪ್ರಿಲ್‌ನಲ್ಲಿ, ಅಥವಾ ಬೇಸಿಗೆಗೆ ಹೋಗಬಹುದು. ನೋಡಿದವರು ನೀವೊಬ್ಬರೇ. ನೀವಿಲ್ಲದಿದ್ದರೆ ಕೇಸು ನಿಲ್ಲುವುದಿಲ್ಲ. ಆಗ ನೀವು ಇಲ್ಲಿ ಇರುತ್ತೀರಾ?"

ವಿಮಲಾಳನ್ನು ನೋಡಿದೆ. ಅವಳು ಕೈಬಳೆ ತಿರುಗಿಸುತ್ತಾ ನೆಲ ನೋಡುತ್ತಿದ್ದಳು. ಅವಳ ತಂಗಿ ಬೆಂಗಳೂರಿನಲ್ಲಿ ನಮಗಾಗಿ ಮನೆ ನೋಡಿಟ್ಟಿದ್ದಳು, ಹಿತ್ತಲಲ್ಲಿ ಬಾವಿ ಇದೆಯೆಂದು ಬರೆದಿದ್ದಳು.

"ಇರುತ್ತೇನೆ," ಎಂದೆ.

ಸಹಿ ಹಾಕಿ ಹೊರಗೆ ಬಂದು ಕಾರಿನಲ್ಲಿ ಕುಳಿತ ಮೇಲೆ ವಿಮಲಾ ಕೇಳಿದಳು, "ಬೆಂಗಳೂರಿಗೆ ಏನಂತ ಬರೀತೀರಿ?"

"ಬರೋದು ಆಗಲ್ಲ ಅಂತ."

"ಎಷ್ಟ ದಿವಸ?"

ಕಾರು ಶುರು ಮಾಡಿದೆ. ಈ ದೇಶದಲ್ಲಿ ಯಾರಾದರೂ ಪ್ರೀತಿಯಿಂದ ಇಲ್ಲೇ ಇದ್ದುಬಿಡಿ ಎಂದಾಗಲೆಲ್ಲ, ಇಲ್ಲ, ನಾವು ಹೋಗುವವರು ಎಂದೇ ಹೇಳಿಕೊಂಡು ಬಂದಿದ್ದೆ. ಹೋಗಿ ಎಂದು ಬ್ಯಾಟು ಹಿಡಿದು ಬಂದವರ ಎದುರಿಗೆ, ಇರುತ್ತೇನೆ ಎಂದು ಬರೆದುಕೊಟ್ಟು ಬಂದಿದ್ದೇನೆ. ಇದನ್ನು ಊರಿನಲ್ಲಿ ಯಾರೂ ಧೈರ್ಯವೆಂದು ತಿಳಿಯಬಾರದು. ಆ ಸಹಿಯನ್ನು ಹತ್ತಿರದಿಂದ ನೋಡಿದರೆ ಅಕ್ಷರಗಳು ಒಂದರ ಮೇಲೊಂದು ಬಿದ್ದಿವೆ. ನನ್ನ ಬ್ಯಾಂಕಿನವರು ಕೂಡ ಅದನ್ನು ನನ್ನದೆಂದು ಒಪ್ಪಲಾರರು.